ಗೇಮಿಂಗ್ ಲ್ಯಾಪ್‌ಟಾಪ್‌ಗೆ ಲಿನಕ್ಸ್: ವಾಪಸ್ ಬರೋ ದಾರಿ ಇಟ್ಕೊಂಡು

ಆಪರೇಟಿಂಗ್ ಸಿಸ್ಟಮ್ ಲ್ಯಾಬ್ ಹತ್ರ ಬಂತು, ಎಲ್ರೂ ಲಿನಕ್ಸ್ ಹಾಕೋ ಮಾತಾಡ್ತಿದ್ದಾರೆ. ಸಾಧಾರಣ ಲ್ಯಾಪ್‌ಟಾಪ್‌ಗಾದ್ರೆ ಇದು ಸುಲಭದ ಕೆಲಸ. ಗೇಮಿಂಗ್ ಲ್ಯಾಪ್‌ಟಾಪ್ ಹಾಗಲ್ಲ. ಅದರಲ್ಲಿ ಸಾಮಾನ್ಯವಾಗಿ ಎರಡು ಗ್ರಾಫಿಕ್ಸ್ ಚಿಪ್ ಇರುತ್ತೆ, ಜೊತೆಗೆ ವಿಂಡೋಸ್ ಡಿಸ್ಕ್‌ಗೆ ಬೀಗ ಹಾಕಿಟ್ಟಿರುತ್ತೆ.

ರಜೆಯಲ್ಲಿ ನಾವು ಮೂವರು ಸೇರಿ ಇದನ್ನ ಮಾಡಿದ್ದು ಕಡೂರು ತಾಲೂಕಿನ ಯಗಟಿಯಲ್ಲಿ, ನಮ್ಮಲ್ಲೊಬ್ಬನ ಮನೆಯಲ್ಲಿ. ಕೊಬ್ಬರಿ ಮಾರಿದ ದುಡ್ಡಿಗೆ ಒಂದಿಷ್ಟು ಸಾಲ ಸೇರಿಸಿ ತಗೊಂಡ ಲ್ಯಾಪ್‌ಟಾಪ್ ಅದು. "ಚೆನ್ನಾಗಿರೋದನ್ನ ಯಾಕ್ರಪ್ಪಾ ಕೆಡಿಸೋಕೆ ಹೋಗ್ತೀರಾ?" ಅಂತ ಅವರಪ್ಪ ಕೇಳಿದ್ರು. ನ್ಯಾಯವಾದ ಪ್ರಶ್ನೆ. ಅಲ್ಲಿ ಪಕ್ಕದ ರೂಮಿನಲ್ಲಿ ಸೀನಿಯರ್ ಇರಲ್ಲ, ರಿಪೇರಿಗೆ ಅಂದ್ರೆ ಬಸ್ ಹಿಡೀಬೇಕು. ಅದಕ್ಕೆ ನಾವು ಒಂದೇ ನಿಯಮ ಇಟ್ಕೊಂಡ್ವಿ: ವಾಪಸ್ ಬರೋ ದಾರಿ ಗೊತ್ತಿಲ್ಲದೆ ಯಾವ ಹೆಜ್ಜೆನೂ ಇಡಬಾರದು.

1. ವಿಂಡೋಸ್‌ನಲ್ಲಿ ಇದ್ದಾಗಲೇ

ಮುಖ್ಯವಾದ ಫೈಲ್‌ಗಳನ್ನೆಲ್ಲ ಬೇರೆ ಹಾರ್ಡ್‌ಡಿಸ್ಕ್‌ಗೆ ಹಾಕಿ. ನಾವು ಆರಿಸಿದ್ದು ಉಬುಂಟು 24.04. ಫೈಲ್ ಸುಮಾರು 6 ಜಿಬಿ ಇದೆ, ಮೊಬೈಲಿನ ದಿನದ ಡೇಟಾ ಸಾಲಲ್ಲ. ಹಾಸ್ಟೆಲ್ ವೈಫೈನಲ್ಲೇ ಡೌನ್‌ಲೋಡ್ ಮಾಡ್ಕೊಂಡು ಹೋಗಿದ್ವಿ. ಆಮೇಲೆ ರೂಫಸ್ ಬಳಸಿ ಅದನ್ನ ಪೆನ್‌ಡ್ರೈವ್‌ಗೆ ಬರೀಬೇಕು. ಪೆನ್‌ಡ್ರೈವ್ 8 ಜಿಬಿಯಾದ್ರೂ ಇರಲಿ, ಅದರಲ್ಲಿರೋದೆಲ್ಲ ಅಳಿಸಿಹೋಗುತ್ತೆ.

ಈಗ ಬೀಗದ ವಿಷಯ. ವಿಂಡೋಸ್ 11 ಇರೋ ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ನಮಗೆ ಗೊತ್ತಿಲ್ಲದೇ ಬಿಟ್‌ಲಾಕರ್ ಆನ್ ಆಗಿರುತ್ತೆ. ಡಿಸ್ಕಿನ ಕೀಲಿ ಮದರ್‌ಬೋರ್ಡ್‌ನ ಟಿಪಿಎಂ ಚಿಪ್‌ನಲ್ಲಿ ಇರುತ್ತೆ. ಬೂಟ್ ಆಗೋ ರೀತಿ ಬದಲಾದ್ರೆ ಚಿಪ್‌ಗೆ ಅನುಮಾನ ಬಂದು ಕೀಲಿ ಕೊಡಲ್ಲ, ಸ್ಕ್ರೀನ್ ಮೇಲೆ 48 ಅಂಕಿಯ ರಿಕವರಿ ಕೀ ಕೇಳುತ್ತೆ. ಅದಿಲ್ಲದಿದ್ರೆ ಡೇಟಾ ಹೋದಂಗೇ. ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಆ ಕೀ ನೋಡ್ಕೊಂಡು ಪೇಪರ್ ಮೇಲೆ ಬರೆದಿಡಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಎನ್‌ಕ್ರಿಪ್ಷನ್ ಆಫ್ ಮಾಡಿ, ಪೂರ್ತಿ ಡಿಕ್ರಿಪ್ಟ್ ಆಗೋವರೆಗೂ ಕಾಯಿರಿ.

ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಮಾಡಿ. ಅದು ಆನ್ ಇದ್ರೆ ಶಟ್‌ಡೌನ್ ಮಾಡಿದ್ರೂ ವಿಂಡೋಸ್ ಪೂರ್ತಿ ಮಲಗಲ್ಲ, ಒಂದು ಕಣ್ಣು ತೆರೆದೇ ಇರುತ್ತೆ. ಕೊನೆಗೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವ್ ಕುಗ್ಗಿಸಿ 100 ಜಿಬಿ ಖಾಲಿ ಬಿಡಿ.

2. ಎಸ್‌ಎಸ್‌ಡಿ ಕಾಣಿಸದಿದ್ರೆ

ಕೆಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣಲ್ಲ. ಬಯಾಸ್‌ನಲ್ಲಿ ಸ್ಟೋರೇಜ್ ಆರ್‌ಎಸ್‌ಟಿ ಮೋಡ್‌ನಲ್ಲಿರೋದು ಕಾರಣ, ಅದನ್ನ ಎಎಚ್‌ಸಿಐಗೆ ಬದಲಿಸಬೇಕು. ಸುಮ್ನೆ ಬದಲಿಸಿದ್ರೆ ವಿಂಡೋಸ್ ಏಳಲ್ಲ. ಮೊದಲು ಸಿಸ್ಟಮ್ ಕಾನ್ಫಿಗರೇಷನ್‌ನಲ್ಲಿ ಸೇಫ್ ಬೂಟ್ ಟಿಕ್ ಮಾಡಿ, ರೀಸ್ಟಾರ್ಟ್ ಮಾಡುವಾಗ ಬಯಾಸ್‌ಗೆ ಹೋಗಿ ಮೋಡ್ ಬದಲಿಸಿ. ಒಂದ್ಸಲ ಸೇಫ್ ಮೋಡ್‌ನಲ್ಲಿ ವಿಂಡೋಸ್ ಎದ್ದ ಮೇಲೆ ಆ ಟಿಕ್ ತೆಗೀರಿ. ಆಗ್ಲಿಲ್ವಾ? ಬಯಾಸ್‌ನಲ್ಲಿ ಹಳೇ ಮೋಡ್‌ಗೇ ವಾಪಸ್ ಬನ್ನಿ.

3. ಇನ್‌ಸ್ಟಾಲ್

ಬ್ಯಾಟರಿ ಫುಲ್ ಇರಲಿ, ಚಾರ್ಜರ್ ಹಾಕಿರಲಿ. ಯಗಟಿಯಲ್ಲಿ ನಾವು ಕೂತಿದ್ದಾಗ ಎರಡು ಸಲ ಕರೆಂಟ್ ಹೋಯ್ತು, ಬ್ಯಾಟರಿ ಇದ್ದಿದ್ದಕ್ಕೆ ಕೆಲಸ ನಿಲ್ಲಲಿಲ್ಲ. ಇನ್‌ಸ್ಟಾಲರ್‌ನಲ್ಲಿ ವಿಂಡೋಸ್ ಪಕ್ಕದಲ್ಲಿ ಹಾಕೋ ಆಯ್ಕೆ ಇದೆ, ಅದನ್ನೇ ಒತ್ತಿ. "ಇರೇಸ್ ಡಿಸ್ಕ್" ಕಡೆ ಕೈ ಹೋಗಬಾರದು. ಗ್ರಾಫಿಕ್ಸ್‌ಗೆ ಥರ್ಡ್ ಪಾರ್ಟಿ ಸಾಫ್ಟ್‌ವೇರ್ ಅನ್ನೋದಕ್ಕೆ ಟಿಕ್ ಹಾಕಿ. ಪಾಸ್‌ವರ್ಡ್ ಕೇಳಿದ್ರೆ ಬರೆದಿಟ್ಕೊಳ್ಳಿ. ರೀಸ್ಟಾರ್ಟ್ ಆದಾಗ ನೀಲಿ ಸ್ಕ್ರೀನ್ ಬಂದು "ಎನ್‌ರೋಲ್ ಮಾಕ್" ಅನ್ನುತ್ತೆ, ಅಲ್ಲಿ ಅದೇ ಪಾಸ್‌ವರ್ಡ್ ಕೊಡಬೇಕು. ಸೆಕ್ಯೂರ್ ಬೂಟ್ ಆನ್ ಇದ್ದಾಗ ಸಹಿ ಇಲ್ಲದ ಡ್ರೈವರನ್ನು ಕರ್ನಲ್ ಒಳಗೆ ಬಿಡಲ್ಲ. ಈ ಪಾಸ್‌ವರ್ಡ್ ಆ ಸಹಿಯನ್ನ ನಂಬು ಅಂತ ಹೇಳೋದಕ್ಕೆ.

4. ಎರಡು ಚಿಪ್ ಜಗಳ

ಪ್ರೊಸೆಸರ್ ಜೊತೆ ಬರೋ ಚಿಕ್ಕ ಚಿಪ್ ಬ್ಯಾಟರಿ ಉಳಿಸುತ್ತೆ, ಎನ್ವಿಡಿಯಾ ಚಿಪ್ ಭಾರದ ಕೆಲಸ ಮಾಡುತ್ತೆ. ಇವೆರಡನ್ನೂ ಹೊಂದಿಸೋದೇ ಲಿನಕ್ಸ್‌ಗೆ ಬಹಳ ವರ್ಷ ತಲೆನೋವಾಗಿತ್ತು. 2012ರಲ್ಲಿ ಫಿನ್‌ಲೆಂಡ್‌ನ ಆಲ್ಟೊ ಯೂನಿವರ್ಸಿಟಿಯಲ್ಲಿ ಇಂಥದ್ದೇ ಲ್ಯಾಪ್‌ಟಾಪ್ ಬಗ್ಗೆ ಪ್ರಶ್ನೆ ಬಂದಾಗ ಲಿನಸ್ ಟೊರ್ವಾಲ್ಡ್ಸ್ ಕ್ಯಾಮೆರಾಗೆ ಬೆರಳು ತೋರಿಸಿ ಎನ್ವಿಡಿಯಾವನ್ನ ಬೈದಿದ್ರು. 2022ರಲ್ಲಿ ಆ ಕಂಪನಿ ತನ್ನ ಕರ್ನಲ್ ಮಾಡ್ಯೂಲ್‌ಗಳ ಸೋರ್ಸ್ ಕೋಡ್ ಹೊರಗೆ ಬಿಟ್ಟಿತು. ಈಗ ಪರಿಸ್ಥಿತಿ ಎಷ್ಟೋ ವಾಸಿ.

ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದಾಗ ಕಪ್ಪು ಸ್ಕ್ರೀನ್ ಬಂದ್ರೆ ಹೆದರಬೇಡಿ. ಮೆನುವಿನಲ್ಲಿ "ಸೇಫ್ ಗ್ರಾಫಿಕ್ಸ್" ಆರಿಸಿ. ಇನ್‌ಸ್ಟಾಲ್ ಆದ ಮೇಲೆ ಬಂದ್ರೆ ಗ್ರಬ್ ಮೆನುವಿನ ರಿಕವರಿ ಮೋಡ್‌ನಲ್ಲಿ ಹೋಗಿ ಡ್ರೈವರ್ ಬದಲಿಸಿ. ಎಲ್ಲ ಸರಿ ಇದ್ರೆ ಎನ್ವಿಡಿಯಾ ಸೆಟ್ಟಿಂಗ್ಸ್‌ನಲ್ಲಿ "ಆನ್ ಡಿಮ್ಯಾಂಡ್" ಇಡಿ. ಮಾಮೂಲಿ ಕೆಲಸಕ್ಕೆ ಚಿಕ್ಕ ಚಿಪ್, ಬೇಕಾದಾಗ ಮಾತ್ರ ದೊಡ್ಡದು. ಯಾವಾಗ್ಲೂ ದೊಡ್ಡದೇ ಓಡ್ತಿದ್ರೆ ಬ್ಯಾಟರಿ ಬೇಗ ಮುಗಿಯುತ್ತೆ.

5. ಆಮೇಲೆ

ವಿಂಡೋಸ್‌ಗೆ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಇರಬಹುದು. ಲಿನಕ್ಸ್ ಮದರ್‌ಬೋರ್ಡ್‌ನಲ್ಲಿ ಯುಟಿಸಿ ಸಮಯ ಬರೆಯುತ್ತೆ, ವಿಂಡೋಸ್ ಅದನ್ನೇ ಭಾರತದ ಸಮಯ ಅಂದ್ಕೊಳ್ಳುತ್ತೆ. ಲೋಕಲ್ ಸಮಯ ಬಳಸು ಅಂತ ಲಿನಕ್ಸ್‌ಗೆ ಹೇಳಿದ್ರೆ ಸರಿಹೋಗುತ್ತೆ.

ಆಟಗಳು? ವಾಲ್ವ್ ಕಂಪನಿಯ ಪ್ರೋಟಾನ್‌ನಿಂದ ವಿಂಡೋಸ್‌ನ ಎಷ್ಟೋ ಆಟಗಳು ಲಿನಕ್ಸ್‌ನಲ್ಲೂ ಓಡುತ್ತೆ. ವ್ಯಾಲರಂಟ್ ಓಡಲ್ಲ, ಅದರ ಆ್ಯಂಟಿಚೀಟ್‌ಗೆ ವಿಂಡೋಸೇ ಬೇಕು.

ಕನ್ನಡ ಟೈಪಿಂಗ್‌ಗೆ ಏನೂ ಡೌನ್‌ಲೋಡ್ ಬೇಡ. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡದ "ಕಗಪ" ಸೇರಿಸಿ. ಕಗಪ ಅಂದ್ರೆ ಕನ್ನಡ ಗಣಕ ಪರಿಷತ್ತು, ನುಡಿ ತಂತ್ರಾಂಶ ಕೊಟ್ಟವರು. ನುಡಿ ಬಂದ್ರೆ ಇದೂ ಬರುತ್ತೆ. ಈ ಲೇಖನ ಅದರಲ್ಲೇ ಟೈಪ್ ಮಾಡಿದ್ದು.

ಲಿನಕ್ಸ್ ಇಷ್ಟ ಆಗ್ಲಿಲ್ಲ ಅಂದ್ರೆ ಬಯಾಸ್‌ನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೊದಲು ಇಡಿ, ವಿಂಡೋಸ್‌ಗೆ ಹೋಗಿ ಲಿನಕ್ಸ್ ಭಾಗ ಡಿಲೀಟ್ ಮಾಡಿ, ಸಿ ಡ್ರೈವ್ ಮತ್ತೆ ಹಿಗ್ಗಿಸಿ. ಅಲ್ಲಿಯವರೆಗೂ ಆ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡ್ಬೇಡಿ. ಡೌಟ್ ಇದ್ರೆ ಲ್ಯಾಪ್‌ಟಾಪ್ ತಗೊಂಡು ಕ್ಲಬ್ ರೂಮಿಗೆ ಬನ್ನಿ. ಚಾರ್ಜರ್ ಮತ್ತೆ ಆ 48 ಅಂಕಿಯ ಪೇಪರ್ ಎರಡೂ ಜೊತೆಗಿರಲಿ.