ಅಣುಯುಗದ ದೈತ್ಯಚಿತ್ರಗಳಲ್ಲಿ ಗಾತ್ರದ ಭ್ರಾಂತಿ

ಬೆಳಕವಾಡಿಗೆ ಸಮೀಪದ ಶಿವನಸಮುದ್ರದಲ್ಲಿ ಕಾವೇರಿಯ ಪಶ್ಚಿಮದ ಕವಲು ಗಗನಚುಕ್ಕಿಯೆಂಬ ಹೆಸರಿನಿಂದ ಕೆಳಕ್ಕೆ ಧುಮುಕುತ್ತದೆ. ಮಳೆಗಾಲದಲ್ಲಿ ದೂರ ನಿಂತು ಅದನ್ನು ನೋಡಿದರೆ ಅಷ್ಟು ನೀರೂ ಮೆಲ್ಲನೆ ಇಳಿಯುತ್ತಿರುವಂತೆ ತೋರುತ್ತದೆ. ಗದ್ದೆಯ ಬದುವಿನಿಂದ ಒಂದು ಮೊಳ ಕೆಳಕ್ಕೆ ಬೀಳುವ ನೀರಾದರೋ ಕಣ್ಣಿಗೆ ನಿಲುಕದಷ್ಟು ಬೇಗನೆ ಬಿದ್ದುಹೋಗುತ್ತದೆ. ಎರಡು ಕಡೆಗಳಲ್ಲಿಯೂ ಭೂಮಿಯ ಆಕರ್ಷಣೆ ಒಂದೇ ಆಗಿದೆ. ಭೇದವಿರುವುದು ಬೀಳಬೇಕಾದ ಎತ್ತರದಲ್ಲಿ. ನಮ್ಮ ಕಣ್ಣು ಗಣಿತವನ್ನು ಕಲಿಯದೆಯೇ ಈ ಭೇದವನ್ನು ಬಲ್ಲದು. ದೂರದಲ್ಲಿ ಒಂದು ವಸ್ತು ನಿಧಾನವಾಗಿ ಬೀಳುವುದನ್ನು ಕಂಡೊಡನೆ ಅದು ದೊಡ್ಡದೆಂದು ಕಣ್ಣು ತೀರ್ಮಾನಿಸುತ್ತದೆ. ಅಣುಯುಗದ ದೈತ್ಯಚಿತ್ರಗಳೆಂದು ಪ್ರಸಿದ್ಧವಾದ ಚಲನಚಿತ್ರಗಳ ಕೈಚಳಕಕ್ಕೆ ಮೂಲಾಧಾರವಾದದ್ದು ಕಣ್ಣಿನ ಈ ಸ್ವಭಾವವೇ. ಈ ಕೈಚಳಕವು ಹೇಗೆ ನಡೆಯಿತು, ಯಾವ ಉದ್ದೇಶಕ್ಕಾಗಿ ನಡೆಯಿತು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿವೇಚಿಸುತ್ತೇವೆ.

ಮೊದಲು ಈ ಚಿತ್ರಗಳ ಹುಟ್ಟನ್ನು ಸಂಕ್ಷೇಪವಾಗಿ ಹೇಳಬೇಕು. 1933ರಲ್ಲಿ ತೆರೆಕಂಡ ‘ಕಿಂಗ್ ಕಾಂಗ್’ ಚಿತ್ರವನ್ನು 1952ರಲ್ಲಿ ಮತ್ತೆ ಬಿಡುಗಡೆ ಮಾಡಿದಾಗ ಅದಕ್ಕೆ ದೊರೆತ ಜನಾದರವು ನಿರ್ಮಾಪಕರ ಗಮನವನ್ನು ಸೆಳೆಯಿತು. ಮರುವರ್ಷವೇ ಅಮೆರಿಕದಲ್ಲಿ ‘ದಿ ಬೀಸ್ಟ್ ಫ್ರಮ್ 20,000 ಫ್ಯಾದಮ್ಸ್’ ಬಂದಿತು. ಅದರಲ್ಲಿ ಉತ್ತರ ಧ್ರುವಪ್ರದೇಶದ ಹಿಮದಲ್ಲಿ ಹುದುಗಿದ್ದ ಪ್ರಾಚೀನ ಪ್ರಾಣಿಯೊಂದು ಅಣುಸ್ಫೋಟದಿಂದ ಎಚ್ಚೆತ್ತು ನ್ಯೂಯಾರ್ಕ್ ನಗರವನ್ನು ಹೊಗುತ್ತದೆ. 1954ರ ‘ದೆಮ್!’ ಚಿತ್ರದಲ್ಲಿ, 1945ರಲ್ಲಿ ನ್ಯೂ ಮೆಕ್ಸಿಕೋ ಮರುಭೂಮಿಯಲ್ಲಿ ನಡೆದ ಮೊದಲ ಅಣುಬಾಂಬಿನ ಪರೀಕ್ಷೆಯ ವಿಕಿರಣದಿಂದ ಇರುವೆಗಳು ದೈತ್ಯಾಕಾರವನ್ನು ತಾಳುತ್ತವೆ. ಅದೇ ವರ್ಷದ ನವೆಂಬರ್ 3ರಂದು ಜಪಾನಿನ ತೋಹೋ ಸಂಸ್ಥೆಯು ‘ಗೊಜಿರಾ’ ಚಿತ್ರವನ್ನು ತೆರೆಗೆ ತಂದಿತು. ‘ಗಾಡ್ಜಿಲ್ಲಾ’ ಎಂದು ಲೋಕವೆಲ್ಲ ಬಲ್ಲ ಪ್ರಾಣಿ ಇದೇ. ಇಶಿರೋ ಹೊಂಡ ಅದರ ನಿರ್ದೇಶಕರು. ವಿಶೇಷ ದೃಶ್ಯಗಳ ಹೊಣೆಯನ್ನು ಹೊತ್ತವರು ಏಜಿ ತ್ಸುಬುರಾಯ.

ಸಣ್ಣದನ್ನು ದೊಡ್ಡದಾಗಿ ತೋರಿಸಲು ಈ ಚಿತ್ರಕಾರರು ಹಿಡಿದ ಮಾರ್ಗಗಳಲ್ಲಿ ಮೂರು ಮುಖ್ಯವಾದುವು. ಮೊದಲನೆಯದು ಗೊಂಬೆಯನ್ನು ಹಂತಹಂತವಾಗಿ ಚಲಿಸುವ ವಿಧಾನ. ‘ಕಿಂಗ್ ಕಾಂಗ್’ನ ದೃಶ್ಯಗಳನ್ನು ರಚಿಸಿದ ವಿಲ್ಲಿಸ್ ಓಬ್ರಯನ್ ಇದರಲ್ಲಿ ನಿಷ್ಣಾತರು, ಅವರ ಬಳಿ ಪಳಗಿದ ರೇ ಹ್ಯಾರಿಹೌಸೆನ್ 1953ರ ಚಿತ್ರದ ಪ್ರಾಣಿಯನ್ನು ಇದೇ ವಿಧಾನದಿಂದ ನಡೆಸಿದರು. ಕೀಲುಗಳುಳ್ಳ ಲೋಹದ ಅಸ್ಥಿಪಂಜರದ ಮೇಲೆ ರಬ್ಬರಿನ ಮೈಯನ್ನು ಹೊದಿಸಿದ ಗೊಂಬೆಯನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಬಿಡಿಚಿತ್ರವನ್ನು ತೆಗೆಯುವುದು, ಮತ್ತೆ ಸರಿಸುವುದು—ಹೀಗೆ ಕೆಲಸ ಸಾಗುತ್ತದೆ. ತೆರೆಯ ಮೇಲೆ ಒಂದು ಸೆಕೆಂಡಿಗೆ 24 ಬಿಡಿಚಿತ್ರಗಳು ಸರಿಯುವುದರಿಂದ, ಒಂದು ನಿಮಿಷದ ಚಲನೆಗೆ 1,440 ಸಲ ಈ ಕ್ರಿಯೆಯನ್ನು ಮಾಡಬೇಕಾಗುತ್ತದೆ. ಪ್ರತಿಯೊಂದು ಚಿತ್ರದಲ್ಲಿಯೂ ಗೊಂಬೆ ನಿಶ್ಚಲವಾಗಿಯೇ ಇರುವುದರಿಂದ, ಓಡುವ ಪ್ರಾಣಿಯ ಚಿತ್ರದಲ್ಲಿ ಸಹಜವಾಗಿ ಕಾಣುವ ಮಸುಕು ಇಲ್ಲಿರುವುದಿಲ್ಲ. ಈ ಚಲನೆಯಲ್ಲಿ ನಾವು ಕಾಣುವ ಸಣ್ಣ ನಡುಕಕ್ಕೆ ಕಾರಣ ಇದೇ.

ಎರಡನೆಯದು ಮರೆಯ ವಿಧಾನ. ಇದನ್ನು ಕನ್ನಡ ಪ್ರೇಕ್ಷಕರು ಬೇರೊಂದು ಸಂದರ್ಭದಲ್ಲಿ ಬಲ್ಲರು. ಹುಣಸೂರು ಕೃಷ್ಣಮೂರ್ತಿಯವರ ‘ಬಬ್ರುವಾಹನ’ (1977) ಚಿತ್ರದಲ್ಲಿ ಅರ್ಜುನನೂ ಬಬ್ರುವಾಹನನೂ ಎದುರುಬದುರು ನಿಲ್ಲುತ್ತಾರೆ; ಇಬ್ಬರೂ ರಾಜಕುಮಾರರೇ. ಇಂಥ ದ್ವಿಪಾತ್ರದ ದೃಶ್ಯಗಳಲ್ಲಿ ಫಿಲ್ಮಿನ ಒಂದು ಪಾರ್ಶ್ವವನ್ನು ಕಪ್ಪು ಮರೆಯಿಂದ ಮುಚ್ಚಿ ಇನ್ನೊಂದು ಪಾರ್ಶ್ವದಲ್ಲಿ ಚಿತ್ರ ತೆಗೆಯುತ್ತಾರೆ; ಬಳಿಕ ಫಿಲ್ಮನ್ನು ಹಿಂದಕ್ಕೆ ಸುತ್ತಿ, ಮರೆಯನ್ನು ಅದಲುಬದಲು ಮಾಡಿ, ಅದೇ ನಟನನ್ನು ಇನ್ನೊಂದು ವೇಷದಲ್ಲಿ ಚಿತ್ರಿಸುತ್ತಾರೆ. ಎರಡು ಪಾರ್ಶ್ವಗಳ ಅಳತೆಯನ್ನು ಬೇರೆಬೇರೆಯಾಗಿಸಿದರೆ ದೈತ್ಯನು ಹುಟ್ಟುತ್ತಾನೆ. ‘ಟರಾಂಟುಲಾ’ (1955) ಚಿತ್ರದಲ್ಲಿ ಜೀವಂತವಾದ ಜೇಡವನ್ನೇ ಹತ್ತಿರದಿಂದ ಚಿತ್ರಿಸಿ, ಮರುಭೂಮಿಯ ದೃಶ್ಯದೊಡನೆ ಈ ರೀತಿ ಕೂಡಿಸಿ, ಗುಡ್ಡಗಳ ಮೇಲೆ ನಡೆಯುವಂತೆ ಮಾಡಿದರು.

ಮೂರನೆಯದು ವೇಷದ ವಿಧಾನ. ‘ಗೊಜಿರಾ’ ಚಿತ್ರದ ಮುಖ್ಯ ಉಪಾಯವಿದು. ಮೈಸೂರು, ಮಂಡ್ಯ ಸೀಮೆಯ ಜಾತ್ರೆ ಮೆರವಣಿಗೆಗಳಲ್ಲಿ ಬರುವ ಗಾರುಡಿ ಗೊಂಬೆಯನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಬಿದಿರಿನ ಹಂದರಕ್ಕೆ ಬಟ್ಟೆ ತೊಡಿಸಿ ಮೇಲೆ ದೊಡ್ಡ ಮುಖವನ್ನಿಟ್ಟ ಆ ಗೊಂಬೆಯನ್ನು ಒಳಗಿರುವವನು ಹೆಗಲ ಮೇಲೆ ಹೊತ್ತು ಕುಣಿಸುತ್ತಾನೆ. ತೋಹೋ ಸಂಸ್ಥೆಯ ಪ್ರಾಣಿಯೊಳಗೂ ಹೀಗೆಯೇ ಮನುಷ್ಯನಿದ್ದನು. ಆ ಭಾರವನ್ನು ಹೆಚ್ಚಾಗಿ ಹೊತ್ತ ನಟರು ಹರುವೋ ನಕಾಜಿಮ. ಮೊದಲು ಸಿದ್ಧವಾದ ವೇಷವು ನಡೆಯಲಾಗದಷ್ಟು ಭಾರವಾಗಿದ್ದುದರಿಂದ ಹಗುರವಾದ ಇನ್ನೊಂದನ್ನು ಮಾಡಬೇಕಾಯಿತು. ಆದರೆ ಇಲ್ಲಿ ಒಂದು ಮುಖ್ಯ ವ್ಯತ್ಯಾಸವುಂಟು. ಗಾರುಡಿ ಗೊಂಬೆ ನಿಜವಾದ ಜನರ ನಡುವೆ ನಡೆಯುವುದರಿಂದ ಅದು ನಿಜವಾಗಿಯೇ ಎತ್ತರವಾಗಿರಬೇಕು. ಚಿತ್ರದ ಪ್ರಾಣಿಗೆ ಆ ನಿರ್ಬಂಧವಿಲ್ಲ. ತ್ಸುಬುರಾಯರು ಪ್ರಾಣಿಯನ್ನು ಹಿಗ್ಗಿಸುವುದಕ್ಕೆ ಬದಲಾಗಿ ಊರನ್ನು ಕುಗ್ಗಿಸಿದರು. ಕಥೆಯಲ್ಲಿ ಪ್ರಾಣಿಯ ಎತ್ತರ 50 ಮೀಟರು. ಟೋಕಿಯೋ ನಗರದ ಕಟ್ಟಡಗಳನ್ನು 25ರಲ್ಲಿ ಒಂದು ಪಾಲಿನ ಅಳತೆಯಲ್ಲಿ ಕಟ್ಟಿದರೆ ಸುಮಾರು 2 ಮೀಟರಿನ ವೇಷವೇ ಸಾಕಾಗುತ್ತದೆ.

ಆದರೆ ಅಳತೆಯನ್ನು ಕುಗ್ಗಿಸಿದ ಮಾತ್ರಕ್ಕೆ ಭ್ರಾಂತಿ ಪೂರ್ಣವಾಗುವುದಿಲ್ಲ, ಕಾಲವನ್ನೂ ಸರಿಪಡಿಸಬೇಕು. ತಡೆಯಿಲ್ಲದೆ ಬೀಳುವ ವಸ್ತುವಿಗೆ ಹಿಡಿಯುವ ಕಾಲವು ಎತ್ತರದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. 50 ಮೀಟರಿನಿಂದ ಬಿದ್ದ ಕಲ್ಲು ನೆಲ ಮುಟ್ಟಲು ಸುಮಾರು 3.2 ಸೆಕೆಂಡು ಬೇಕು. 2 ಮೀಟರಿನಿಂದಾದರೆ ಸುಮಾರು 0.64 ಸೆಕೆಂಡು ಸಾಕು. ಎತ್ತರವು 25ರಲ್ಲಿ ಒಂದು ಪಾಲಾದಾಗ ಕಾಲವು 5ರಲ್ಲಿ ಒಂದು ಪಾಲಾಯಿತು. ಆದ್ದರಿಂದ ಪುಟ್ಟ ಕಟ್ಟಡದ ಕುಸಿತವನ್ನು ದೊಡ್ಡ ಕಟ್ಟಡದ ಕುಸಿತವಾಗಿ ತೋರಿಸಬೇಕಾದರೆ ಅದನ್ನು ಐದು ಪಟ್ಟು ನಿಧಾನಗೊಳಿಸಬೇಕು. ಸೆಕೆಂಡಿಗೆ 24ರ ಬದಲು 120 ಬಿಡಿಚಿತ್ರಗಳನ್ನು ತೆಗೆದು, ತೆರೆಯ ಮೇಲೆ ಎಂದಿನಂತೆ 24ರ ವೇಗದಲ್ಲಿ ಓಡಿಸಿದರೆ ಲೆಕ್ಕ ಸರಿಹೋಗುತ್ತದೆ. ಇದು ಶಾಸ್ತ್ರದ ಲೆಕ್ಕ. ಚಿತ್ರಕಾರರು ದೃಶ್ಯಕ್ಕೆ ತಕ್ಕಂತೆ ವೇಗವನ್ನು ಹೆಚ್ಚುಕಡಿಮೆ ಮಾಡಿಕೊಳ್ಳುತ್ತಿದ್ದರು. ವೇಗ ಹೆಚ್ಚಿದಷ್ಟೂ ಪ್ರತಿಯೊಂದು ಬಿಡಿಚಿತ್ರಕ್ಕೆ ದೊರೆಯುವ ಬೆಳಕಿನ ಅವಧಿ ಕಡಿಮೆಯಾಗುತ್ತದೆ. ಅದನ್ನು ತುಂಬಲು ಪ್ರಖರವಾದ ದೀಪಗಳು ಬೇಕು. ಆ ದೀಪಗಳ ಕಾವನ್ನು ರಬ್ಬರಿನ ವೇಷದೊಳಗೆ ಸಹಿಸಿದವನು ನಟನು.

ಶಬ್ದದಲ್ಲಿಯೂ ಇದೇ ನಿಯಮ ಕಂಡುಬರುತ್ತದೆ. ಸಂಗೀತಗಾರರಾದ ಅಕಿರ ಇಫುಕುಬೆಯವರು ಡಬಲ್ ಬಾಸ್ ವಾದ್ಯದ ಸಡಿಲಿಸಿದ ತಂತಿಯನ್ನು ರಾಳ ಲೇಪಿಸಿದ ಚರ್ಮದ ಕೈಗವಸಿನಿಂದ ಉಜ್ಜಿಸಿ ಪ್ರಾಣಿಯ ಗರ್ಜನೆಯನ್ನು ಪಡೆದರು. ಮುದ್ರಿಸಿದ ನಾದವನ್ನು ನಿಧಾನವಾಗಿ ಓಡಿಸಿದಾಗ ಅದರ ಶ್ರುತಿ ತಗ್ಗುತ್ತದೆ. ತಗ್ಗಿದ ಶ್ರುತಿಯನ್ನು ಕಿವಿಯು ದೊಡ್ಡ ದೇಹದಿಂದ ಬಂದುದೆಂದು ಗ್ರಹಿಸುತ್ತದೆ.

ನೀರು ಮಾತ್ರ ಈ ಉಪಾಯಗಳಿಗೆ ಪೂರ್ಣವಾಗಿ ಬಗ್ಗುವುದಿಲ್ಲ. ಹನಿಯ ಗಾತ್ರವನ್ನು ನಿರ್ಣಯಿಸುವುದರಲ್ಲಿ ನೀರಿನ ಮೇಲ್ಮೈಯ ಎಳೆತಕ್ಕೆ ದೊಡ್ಡ ಪಾಲಿದೆ. ತೊಟ್ಟಿಯಲ್ಲಿ ಆಟಿಕೆಯ ಹಡಗನ್ನು ತೇಲಿಬಿಟ್ಟ ಕಾರಣಕ್ಕೆ ಹನಿ ಚಿಕ್ಕದಾಗುವುದಿಲ್ಲ. 3 ಮಿಲಿಮೀಟರಿನ ಹನಿಯು 25ರಲ್ಲಿ ಒಂದು ಪಾಲಿನ ಹಡಗಿನ ಪಕ್ಕದಲ್ಲಿ 75 ಮಿಲಿಮೀಟರಿನ ಉಂಡೆಯಂತೆ ಕಾಣುತ್ತದೆ. ಹಳೆಯ ಚಿತ್ರಗಳ ಸಮುದ್ರದೃಶ್ಯಗಳಲ್ಲಿ ಗುಟ್ಟು ಬೇಗ ಬಯಲಾಗುವುದು ಇದರಿಂದಲೇ. ವಿದ್ಯಾರ್ಥಿಗಳು ಇದನ್ನು ಸ್ವತಃ ಪರೀಕ್ಷಿಸಬಹುದು. ಸೆಕೆಂಡಿಗೆ 120 ಬಿಡಿಚಿತ್ರಗಳನ್ನು ತೆಗೆಯಬಲ್ಲ ಮೊಬೈಲು ಫೋನುಗಳು ಈಗ ಸಾಮಾನ್ಯವಾಗಿವೆ. ಚೊಂಬಿನಿಂದ ಕಲ್ಲಿನ ಮೇಲೆ ಸುರಿಯುವ ನೀರನ್ನೂ, ಕೈಯಿಂದ ಸುರಿಯುವ ಸಣ್ಣ ಮರಳನ್ನೂ ಈ ವೇಗದಲ್ಲಿ ಚಿತ್ರಿಸಿ ನಿಧಾನವಾಗಿ ಓಡಿಸಿ ನೋಡಲಿ. ಮರಳು ಬೆಟ್ಟದ ಕುಸಿತವನ್ನು ಹೋಲುತ್ತದೆ. ನೀರು ಚೊಂಬಿನ ನೀರಾಗಿಯೇ ಉಳಿಯುತ್ತದೆ.

ಇಂಥ ಪ್ರಾಣಿಗಳು ನಿಜವಾಗಿ ಇರಬಲ್ಲವೇ ಎಂಬ ಪ್ರಶ್ನೆಗೆ ಗೆಲಿಲಿಯೋ 1638ರಲ್ಲಿಯೇ ಉತ್ತರದ ದಾರಿಯನ್ನು ತೋರಿಸಿದ್ದನು. ದೇಹದ ಉದ್ದಗಲಗಳು ಹೆಚ್ಚಿದಾಗ ತೂಕವು ಅವುಗಳ ಘನದಂತೆ ಬೆಳೆಯುತ್ತದೆ. ತೂಕವನ್ನು ಹೊರುವ ಕಾಲಿನ ಅಡ್ಡಕೊಯ್ತವು ವರ್ಗದಂತೆ ಮಾತ್ರ ಬೆಳೆಯುತ್ತದೆ. 6 ಮಿಲಿಮೀಟರಿನ ಇರುವೆಯನ್ನು 3 ಮೀಟರಿಗೆ ಹಿಗ್ಗಿಸಿದರೆ ಅದರ ಕಾಲಿನ ಪ್ರತಿಯೊಂದು ಅಂಶವೂ ಮೊದಲಿಗಿಂತ 500 ಪಟ್ಟು ಭಾರವನ್ನು ತಾಳಬೇಕಾಗುತ್ತದೆ. ಇರುವೆ ನಿಂತಲ್ಲಿಯೇ ಕುಸಿಯುತ್ತದೆ. ಮುಂದೆ ಭಾರತದ ಪೌರತ್ವವನ್ನು ಪಡೆದು ಭುವನೇಶ್ವರದಲ್ಲಿ ದೇಹಬಿಟ್ಟ ಜೀವಶಾಸ್ತ್ರಜ್ಞ ಜೆ. ಬಿ. ಎಸ್. ಹಾಲ್ಡೇನರು 1926ರ ಒಂದು ಪ್ರಬಂಧದಲ್ಲಿ ಈ ತತ್ತ್ವವನ್ನು ಸೊಗಸಾಗಿ ನಿರೂಪಿಸಿದ್ದಾರೆ. ವಿಜ್ಞಾನದ ದೃಷ್ಟಿಯಿಂದ ಈ ದೈತ್ಯರೆಲ್ಲ ಅಸಂಭವರು. ಹೀಗಿರುವಲ್ಲಿ ಪ್ರೇಕ್ಷಕರು ಅವರನ್ನು ಕಂಡು ಭಯಪಟ್ಟದ್ದೇಕೆ?

ಜಪಾನಿನ ಮಟ್ಟಿಗೆ ಉತ್ತರವು ಇತಿಹಾಸದಲ್ಲಿದೆ. 1945ರ ಮಾರ್ಚಿಯಲ್ಲಿ ಟೋಕಿಯೋ ಬೆಂಕಿಬಾಂಬುಗಳಿಂದ ಸುಟ್ಟಿತು. ಆಗಸ್ಟಿನಲ್ಲಿ ಹಿರೋಶಿಮಾ, ನಾಗಸಾಕಿಗಳು ಅಣುಬಾಂಬಿಗೆ ತುತ್ತಾದುವು. 1952ರವರೆಗೆ ನಡೆದ ಪರಾಡಳಿತದಲ್ಲಿ ಈ ವಿಷಯದ ಬರಹಗಳೂ ಚಿತ್ರಗಳೂ ಕತ್ತರಿಗೆ ಒಳಗಾದುವು. 1954ರ ಮಾರ್ಚಿ 1ರಂದು ಬಿಕಿನಿ ದ್ವೀಪದಲ್ಲಿ ಅಮೆರಿಕವು ನಡೆಸಿದ ಜಲಜನಕ ಬಾಂಬಿನ ಪರೀಕ್ಷೆಯ ಬೂದಿಯು ‘ದೈಗೊ ಫುಕುರ್ಯು ಮಾರು’ ಎಂಬ ಮೀನುಗಾರಿಕೆಯ ದೋಣಿಯ 23 ಜನರ ಮೇಲೆ ಬಿದ್ದಿತು. ಅವರಲ್ಲೊಬ್ಬರಾದ ಐಕಿಚಿ ಕುಬೊಯಾಮ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಅದಾದ ಎರಡು ತಿಂಗಳೊಳಗೆ ತೆರೆಕಂಡ ‘ಗೊಜಿರಾ’ ಚಿತ್ರವು, ಸಮುದ್ರದ ನಡುವೆ ಕಣ್ಣು ಕೋರೈಸುವ ಬೆಳಕನ್ನು ಕಂಡು ನಾಶವಾಗುವ ಹಡಗಿನಿಂದ ಆರಂಭವಾಗುತ್ತದೆ. ಆ ಬೆಳಕು ಏನೆಂಬುದನ್ನು ಅಂದಿನ ಪ್ರೇಕ್ಷಕರಿಗೆ ವಿವರಿಸಬೇಕಾಗಿರಲಿಲ್ಲ.

ಇಲ್ಲಿ ಗಮನಿಸತಕ್ಕ ಇನ್ನೊಂದು ವಿಷಯವುಂಟು. 1942ರಲ್ಲಿ ಪರ್ಲ್ ಹಾರ್ಬರಿನ ದಾಳಿಯನ್ನು ವಿಜಯವೆಂದು ಮೆರೆಸಲು ತಯಾರಾದ ಯುದ್ಧಪ್ರಚಾರದ ಚಿತ್ರಕ್ಕೆ ಪುಟ್ಟ ಹಡಗುಗಳನ್ನೂ ಬಂದರನ್ನೂ ನಿರ್ಮಿಸಿದವರು ಈ ತ್ಸುಬುರಾಯರೇ. ಹನ್ನೆರಡು ವರ್ಷಗಳ ಬಳಿಕ ಅದೇ ಕೈಗಳು ತಮ್ಮ ರಾಜಧಾನಿಯನ್ನೇ ಚಿಕ್ಕದಾಗಿ ಕಟ್ಟಿ ಬೆಂಕಿಗೆ ಒಡ್ಡಿದುವು. ವಿದ್ಯೆ ಒಂದೇ, ಅದು ಸಲ್ಲಿಸಿದ ಸೇವೆ ಬೇರೆ. ಮೇಲಿನಿಂದ ನೋಡುವವನಿಗೆ ಸುಡುವ ಊರು ಆಟಿಕೆಯಂತೆ ಕಾಣುತ್ತದೆ. ಬಾಂಬು ಹಾಕುವ ವಿಮಾನದಿಂದಲೂ ಹಾಗೆಯೇ ಕಂಡಿರಬೇಕು. ಹೊಂಡರ ಚಿತ್ರವು ಆ ದೃಷ್ಟಿಯಲ್ಲಿ ತೃಪ್ತವಾಗದೆ ನೆಲಕ್ಕೆ ಇಳಿಯುತ್ತದೆ. ಉರಿಯುವ ಬೀದಿಯಲ್ಲಿ ತಾಯಿಯೊಬ್ಬಳು ಮಕ್ಕಳನ್ನು ಅಪ್ಪಿಕೊಂಡು, ಸತ್ತ ತಂದೆಯ ಬಳಿಗೆ ಇನ್ನೇನು ಸೇರುತ್ತೇವೆಂದು ಸಂತೈಸುತ್ತಾಳೆ. ಮರುದಿನ ಆಸ್ಪತ್ರೆಯಲ್ಲಿ ಮಗುವೊಂದರ ಬಳಿ ವಿಕಿರಣ ಮಾಪಕವನ್ನು ಹಿಡಿಯುತ್ತಾರೆ. ಈ ದೃಶ್ಯಗಳಲ್ಲಿ ಯಾವ ಕೈಚಳಕವೂ ಇಲ್ಲ. ಎಲ್ಲವೂ ಮನುಷ್ಯನ ಅಳತೆಯಲ್ಲಿಯೇ ಇದೆ. 1956ರಲ್ಲಿ ಅಮೆರಿಕದ ಪ್ರೇಕ್ಷಕರಿಗಾಗಿ ಚಿತ್ರವನ್ನು ಕತ್ತರಿಸಿ, ಅಮೆರಿಕದ ಪತ್ರಕರ್ತನ ಪಾತ್ರವೊಂದನ್ನು ಸೇರಿಸಿದಾಗ, ಅಣುಬಾಂಬಿನ ಪ್ರಸ್ತಾಪಗಳು ಬಹುಮಟ್ಟಿಗೆ ಮರೆಯಾದುವು. ಪ್ರಾಣಿ ಉಳಿಯಿತು, ಅದರ ಅರ್ಥ ಕುಗ್ಗಿತು.

ಇಂದಿನ ಚಿತ್ರಗಳಲ್ಲಿ ದೈತ್ಯರನ್ನು ಗಣಕಯಂತ್ರಗಳು ರಚಿಸುತ್ತಿವೆ; ಸೀಳಿದ ಹನಿಯನ್ನೂ ಅವು ಲೆಕ್ಕಹಾಕಿ ತೋರಿಸಬಲ್ಲವು. ಅದರಿಂದ ಹಳೆಯ ಚಿತ್ರಗಳನ್ನು ಹಾಸ್ಯಕ್ಕೆ ಮಾತ್ರ ನೋಡುವ ರೂಢಿ ಬೆಳೆದಿದೆ. ರಬ್ಬರಿನ ಮಡಿಕೆಗಳೂ ದಪ್ಪ ಹನಿಗಳೂ ಕಣ್ಣಿಗೆ ಬೀಳುವುದು ನಿಜ. ಆದರೆ ದೈತ್ಯನು ಎಷ್ಟು ದೊಡ್ಡವನೆಂಬುದನ್ನು ಕಡೆಗೆ ನಿರ್ಣಯಿಸುವುದು ಅವನ ಕಾಲಬುಡದಲ್ಲಿರುವ ಮನುಷ್ಯನೇ. ಆ ಮನುಷ್ಯನನ್ನು ಚಿತ್ರಕಾರನು ಕಂಡಿದ್ದಾನೆಯೇ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಈ ಚಿತ್ರಗಳನ್ನು ಪರಿಶೀಲಿಸಿದರೆ, ಭೌತಶಾಸ್ತ್ರದ ವಿದ್ಯಾರ್ಥಿಗೂ ಇತಿಹಾಸದ ವಿದ್ಯಾರ್ಥಿಗೂ ಅವುಗಳಲ್ಲಿ ಕಲಿಯತಕ್ಕದ್ದು ಬಹಳವಿದೆ ಎಂಬುದು ನಮ್ಮ ಅಭಿಪ್ರಾಯ.