ಗಲ್ಫಿಗೆ ಹೊರಟವರ ಮೊಬೈಲ್: ಮನೆಯ ನಂಟು ಕಡಿಯದಿರಲಿ



ನಮ್ಮ ಕರಾವಳಿಯ ಊರುಗಳಿಂದ ಕುವೈತ್, ದುಬೈ, ಮಸ್ಕತ್, ದೋಹಾ ಕಡೆಗೆ ದುಡಿಯಲು ಹೋಗುವುದು ಹೊಸ ವಿಷಯವಲ್ಲ. ಹಿಂದೆ ಹೋದವರ ಸುದ್ದಿ ತಿಳಿಯಬೇಕಾದರೆ ಏರ್‌ಮೇಲ್ ಪತ್ರಕ್ಕೆ ವಾರಗಟ್ಟಲೆ ಕಾಯಬೇಕಿತ್ತು. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಆದರೆ ಮೊಬೈಲ್ ಇದ್ದ ಮಾತ್ರಕ್ಕೆ ಸಾಲದು. ಅದರಲ್ಲಿ ಡೇಟಾ ಇರಬೇಕು, ಸಿಮ್ ಸ್ವಂತ ಹೆಸರಿನಲ್ಲಿರಬೇಕು, ಬ್ಯಾಂಕಿಗೆ ಕೊಟ್ಟ ಊರಿನ ನಂಬರ್ ಚಾಲ್ತಿಯಲ್ಲಿರಬೇಕು.

ಸಂಘದ ಸಾಲ ತೆಗೆದು ಮಗಳನ್ನೋ ಗಂಡನನ್ನೋ ಕಳಿಸಿದ ಮನೆಗೆ ಫೋನ್ ಬರೀ ಮಾತಿನ ಸಾಧನವಲ್ಲ. ಸಂಬಳ ಬಂತೇ, ಕಂತು ಕಟ್ಟಲು ಆಗುತ್ತದೆಯೇ, ಅಲ್ಲಿ ಜೀವ ಕ್ಷೇಮವೇ, ಎಲ್ಲವೂ ಅದರಲ್ಲೇ ತಿಳಿಯಬೇಕು. ಆದ್ದರಿಂದ ಫೋನಿನ ತಯಾರಿಯನ್ನು ವಿಮಾನ ಹತ್ತುವ ಮೊದಲೇ ಮಾಡಬೇಕು. ಹೋದ ಮೇಲೆ ನೋಡಿಕೊಳ್ಳೋಣ ಅಂದರೆ ಕಷ್ಟ.

1. ರೋಮಿಂಗ್ ಅಂದರೆ ಏನು?

ನಮ್ಮ ಊರಿನ ಸಿಮ್ ಬೇರೆ ದೇಶದಲ್ಲಿ ಕೆಲಸ ಮಾಡಬೇಕಾದರೆ ಅಲ್ಲಿಯ ಕಂಪೆನಿಯ ಟವರ್ ಬಳಸಬೇಕು. ಅದಕ್ಕೆ ನಮ್ಮ ಕಂಪೆನಿ ಅವರಿಗೆ ಹಣ ಕೊಡುತ್ತದೆ, ಆ ಹಣವನ್ನು ನಮ್ಮಿಂದ ವಸೂಲಿ ಮಾಡುತ್ತದೆ. ಇದೇ ರೋಮಿಂಗ್. ಇಲ್ಲಿ ಹಾಕಿಸಿದ ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಅಲ್ಲಿ ನಡೆಯುವುದಿಲ್ಲ. ರೋಮಿಂಗ್ ಪ್ಯಾಕ್ ಇಲ್ಲದೆ ಡೇಟಾ ಆನ್ ಇಟ್ಟರೆ ಕೆಲವು ಕಂಪೆನಿಗಳು ಪ್ರತಿ ಎಂಬಿಗೂ ಲೆಕ್ಕ ಹಾಕುತ್ತವೆ. ನಾವು ಫೋನ್ ಮುಟ್ಟದಿದ್ದರೂ ಅದು ಬ್ಯಾಗಿನೊಳಗೇ ಫೋಟೋ ಇಳಿಸಿಕೊಳ್ಳುತ್ತಾ, ಆಪ್‌ಗಳನ್ನು ಅಪ್‌ಡೇಟ್ ಮಾಡುತ್ತಾ ಇರುತ್ತದೆ. ಪ್ರೀಪೇಯ್ಡ್ ಆದರೆ ಇದ್ದ ಹಣ ಖಾಲಿ. ಪೋಸ್ಟ್‌ಪೇಯ್ಡ್ ಆದರೆ ಸಾವಿರಗಟ್ಟಲೆ ಬಿಲ್ಲು.

ಹೊರಡುವ ಮೊದಲು ಮೊಬೈಲ್ ಅಂಗಡಿಯಲ್ಲಿ ವಿಚಾರಿಸಿ, ಹೋಗುವ ದೇಶಕ್ಕೆ ಸಲ್ಲುವ ಚಿಕ್ಕ ರೋಮಿಂಗ್ ಪ್ಯಾಕ್ ಹಾಕಿಸಿಕೊಳ್ಳಿ. ಎಷ್ಟು ದಿನ, ಎಷ್ಟು ಡೇಟಾ, ಒಳಬರುವ ಕರೆಗೆ ಹಣ ಉಂಟೋ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಮೊದಲ ದಿನಗಳಲ್ಲಿ "ತಲುಪಿದೆ" ಅಂತ ಹೇಳಲು, ಕರೆದೊಯ್ಯಲು ಬರುವವರನ್ನು ಹುಡುಕಲು ಇದು ಸಾಕು.

2. ಅಲ್ಲಿಯ ಸಿಮ್ ಯಾರ ಹೆಸರಿನಲ್ಲಿ?

ತಿಂಗಳುಗಟ್ಟಲೆ ಇರುವವರಿಗೆ ಅಲ್ಲಿಯ ಸಿಮ್ಮೇ ಅಗ್ಗ. ಸಿಮ್ ಕೊಳ್ಳಲು ಗುರುತಿನ ದಾಖಲೆ ಬೇಕು. ಅಲ್ಲಿ ವಾಸವಿರುವವರಿಗೆ ಕುವೈತಿನಲ್ಲಿ ಸಿವಿಲ್ ಐಡಿ, ಯುಎಇಯಲ್ಲಿ ಎಮಿರೇಟ್ಸ್ ಐಡಿ. ಇವು ಕೈಗೆ ಬರಲು ಕೆಲವು ವಾರ ಹಿಡಿಯಬಹುದು. ಆ ಮಧ್ಯೆ ಏಜೆಂಟ್ ಅಥವಾ ಮಾಲೀಕರು ತಮ್ಮ ಹೆಸರಿನ ಸಿಮ್ ಕೊಡುವುದುಂಟು. ಮಾತನಾಡಲು ಬಳಸಬಹುದು, ಆದರೆ ಅದನ್ನೇ ನಂಬಿ ಕೂರಬೇಡಿ. ಸಿಮ್ ಯಾರ ಹೆಸರಿನಲ್ಲಿದೆಯೋ ಅವರು ಯಾವಾಗ ಬೇಕಾದರೂ ಅದನ್ನು ಬಂದ್ ಮಾಡಿಸಬಹುದು. ಐಡಿ ಬಂದ ಕೂಡಲೇ ಸ್ವಂತ ಹೆಸರಿನಲ್ಲಿ ಸಿಮ್ ತೆಗೆದುಕೊಳ್ಳಿ.

ಕುವೈತಿನ 2015ರ ಮನೆಗೆಲಸದವರ ಕಾನೂನಿನ ಪ್ರಕಾರ, ಕೆಲಸದವರ ಒಪ್ಪಿಗೆಯಿಲ್ಲದೆ ಮಾಲೀಕರು ಅವರ ಪಾಸ್‌ಪೋರ್ಟ್, ಸಿವಿಲ್ ಐಡಿ ಇಟ್ಟುಕೊಳ್ಳುವಂತಿಲ್ಲ. ಇದು ಹೋಗುವವರಿಗೂ ಮನೆಯವರಿಗೂ ಗೊತ್ತಿರಲಿ.

3. ಊರಿನ ನಂಬರ್ ಕೈಬಿಡಬೇಡಿ

ಅನೇಕರು ಅಲ್ಲಿಯ ಸಿಮ್ ಸಿಕ್ಕಿದ ಮೇಲೆ ಊರಿನ ಸಿಮ್ ತೆಗೆದು ಪೆಟ್ಟಿಗೆಯಲ್ಲಿ ಹಾಕಿಬಿಡುತ್ತಾರೆ. ಆದರೆ ಬ್ಯಾಂಕ್ ಖಾತೆ, ಆಧಾರ್, ವಾಟ್ಸಾಪ್ ಎಲ್ಲ ಆ ನಂಬರಿಗೇ ಜೋಡಿಸಿರುತ್ತವೆ. ಬ್ಯಾಂಕಿನ ಒಟಿಪಿ ಅದಕ್ಕೇ ಬರಬೇಕು. ರೀಚಾರ್ಜ್ ಇಲ್ಲದೆ, ಬಳಕೆಯಿಲ್ಲದೆ 90 ದಿನ ಕಳೆದರೆ ಕಂಪೆನಿ ನಂಬರನ್ನು ರದ್ದು ಮಾಡಬಹುದು. ಕೆಲವು ಕಾಲದ ನಂತರ ಅದೇ ನಂಬರ್ ಬೇರೆಯವರ ಪಾಲಾಗುತ್ತದೆ. ಆಗ ನಮ್ಮ ಬ್ಯಾಂಕಿನ ಸಂದೇಶ ಯಾರದೋ ಕೈ ಸೇರುತ್ತದೆ!

ಇದಕ್ಕೆ ದಾರಿ ಹೀಗಿದೆ:

• ಎರಡು ಸಿಮ್ ಹಾಕುವ ಫೋನ್ ಒಯ್ಯಿರಿ. ಊರಿನ ಸಿಮ್ಮಿನ ಡೇಟಾ ರೋಮಿಂಗ್ ಆಫ್ ಇರಲಿ, ಅಲ್ಲಿಯ ಸಿಮ್ಮಿನ ಡೇಟಾ ಮಾತ್ರ ಆನ್ ಇರಲಿ.
• ಊರಿನ ಸಿಮ್ಮಿಗೆ ಅಂತರರಾಷ್ಟ್ರೀಯ ರೋಮಿಂಗ್ ಸೌಲಭ್ಯವನ್ನು ಇಲ್ಲಿರುವಾಗಲೇ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ಅಲ್ಲಿ ಒಟಿಪಿ ಬರುವುದಿಲ್ಲ.
• ಮನೆಯಲ್ಲಿರುವವರು ಆ ನಂಬರಿಗೆ ಅವಧಿ ತಪ್ಪದೆ ರೀಚಾರ್ಜ್ ಮಾಡುತ್ತಿರಿ.
• ಊರಿನ ಸಿಮ್ ಕೂಡ ಹೋಗುವವರ ಹೆಸರಿನಲ್ಲೇ ಇರಲಿ. ಅಣ್ಣನ ಹೆಸರಿನಲ್ಲಿದ್ದು ಸಿಮ್ ಕಳೆದುಹೋದರೆ, ಇನ್ನೊಂದು ಪಡೆಯಲು ಅಣ್ಣನೇ ಬೇಕಾಗುತ್ತದೆ.
• ಹೊಸ ಸಿಮ್ ಹಾಕಿದಾಗ ವಾಟ್ಸಾಪ್ "ನಂಬರ್ ಬದಲಿಸಬೇಕೇ" ಅಂತ ಕೇಳಿದರೆ ಬೇಡ ಅನ್ನಿ. ಹಳೆ ನಂಬರಿನಲ್ಲೇ ಅದು ನಡೆಯುತ್ತದೆ.

4. ಎಲ್ಲ ದೇಶದ ನಿಯಮ ಒಂದೇ ಅಲ್ಲ

ಯುಎಇಯಲ್ಲಿ, ಅಂದರೆ ದುಬೈ, ಅಬುಧಾಬಿ, ಶಾರ್ಜಾಗಳಲ್ಲಿ ವಾಟ್ಸಾಪಿನ ಸಂದೇಶ, ಫೋಟೋ, ಧ್ವನಿ ಸಂದೇಶ ಹೋಗುತ್ತವೆ, ಆದರೆ ವಾಟ್ಸಾಪ್ ಕರೆಗೆ ನಿರ್ಬಂಧವಿದೆ. ಅಲ್ಲಿ ಅನುಮತಿ ಇರುವ ಬೋಟಿಮ್‌ನಂತಹ ಆಪ್ ಬಳಸಬೇಕು. ಅದನ್ನು ಮನೆಯವರ ಫೋನಿಗೂ ಮೊದಲೇ ಹಾಕಿ ಕಲಿಸಿ. "ವಿಪಿಎನ್ ಹಾಕಿದರೆ ಎಲ್ಲ ಆಗುತ್ತೆ" ಅಂತ ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಅಪರಾಧ ಮಾಡಲು ಅಥವಾ ಮರೆಮಾಚಲು ವಿಪಿಎನ್ ಬಳಸಿದವರಿಗೆ ಅಲ್ಲಿಯ 2021ರ ಕಾನೂನಿನಲ್ಲಿ 5 ಲಕ್ಷದಿಂದ 20 ಲಕ್ಷ ದಿರ್ಹಮ್‌ವರೆಗೆ ದಂಡ ಉಂಟು. ಮಾಲೀಕರ ಮನೆ, ಮಕ್ಕಳ ಫೋಟೋವನ್ನು ಕೇಳದೆ ತೆಗೆದು ಕಳಿಸುವುದೂ ಅಪಾಯ.

ಕರೆ ಮಾಡುವ ಹೊತ್ತನ್ನೂ ನೋಡಿ. ಕುವೈತ್, ಸೌದಿ, ಕತಾರ್, ಬಹರೈನ್ ನಮಗಿಂತ ಎರಡೂವರೆ ಗಂಟೆ ಹಿಂದೆ. ಯುಎಇ, ಒಮಾನ್ ಒಂದೂವರೆ ಗಂಟೆ ಹಿಂದೆ. ನಮ್ಮಲ್ಲಿ ಬೆಳಿಗ್ಗೆ 6 ಗಂಟೆಯಾದಾಗ ಕುವೈತಿನಲ್ಲಿ ಇನ್ನೂ ನಸುಕಿನ 3.30.

5. ಡೇಟಾದಲ್ಲೂ ಉಳಿತಾಯ

ಉಳಿತಾಯ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ! ವಿಡಿಯೋ ಕರೆಗೆ ನಿಮಿಷಕ್ಕೆ ಸುಮಾರು 5 ಎಂಬಿ ಖರ್ಚು, ಕೆಲವೊಮ್ಮೆ ಇನ್ನೂ ಹೆಚ್ಚು. ಬರೀ ಮಾತಿನ ಕರೆಗೆ ಸುಮಾರು 1 ಎಂಬಿಯೊಳಗೆ ಸಾಕು. ಅಂದರೆ 1 ಜಿಬಿಯಲ್ಲಿ ಮುಖ ನೋಡಿ ಮಾತಾಡಿದರೆ ಮೂರು ಗಂಟೆ ಚಿಲ್ಲರೆ, ಬರೀ ಮಾತಾದರೆ ಹದಿನೈದು ಗಂಟೆಗೂ ಮಿಕ್ಕಿ. ದಿನವೂ ಧ್ವನಿ, ವಾರಕ್ಕೊಮ್ಮೆ ಮುಖ ಅಂತ ಇಟ್ಟುಕೊಳ್ಳಬಹುದು. ವಾಟ್ಸಾಪಿನಲ್ಲಿ ಫೋಟೋ, ವಿಡಿಯೋ ತಾನಾಗಿ ಇಳಿಯುವುದನ್ನು ನಿಲ್ಲಿಸಿ. ದುಬೈ ವಿಮಾನ ನಿಲ್ದಾಣದಲ್ಲಿ ಉಚಿತ ವೈಫೈ ಇದೆ. ಆದರೆ ಇಂತಹ ಕಡೆ ಬ್ಯಾಂಕಿನ ವ್ಯವಹಾರ ಮಾಡಬೇಡಿ.

6. ಫೋನ್ ಬಾರದಿದ್ದರೆ?

ಹೋಗುವ ಮೊದಲೇ ಮನೆಯಲ್ಲಿ ಕೂತು ಕರೆಯ ದಿನ, ಹೊತ್ತು ಗೊತ್ತುಮಾಡಿ. ಒಂದು ಗುಟ್ಟಿನ ಮಾತೂ ಇರಲಿ. ದನವೇ ಇಲ್ಲದ ಮನೆಯಲ್ಲಿ ಮಗಳು "ಕೆಂಪು ದನ ಕರು ಹಾಕಿತಾ ಅಮ್ಮಾ?" ಅಂತ ಕೇಳಿದರೆ, ಪಕ್ಕದಲ್ಲಿ ಯಾರೋ ಇದ್ದಾರೆ, ಅವಳು ಕಷ್ಟದಲ್ಲಿದ್ದಾಳೆ ಅಂತ ತಿಳಿಯಬೇಕು. ಇನ್ನೊಂದು ಗುಟ್ಟಿನ ಮಾತು ಮೋಸಗಾರರಿಗಾಗಿ. "ನಿಮ್ಮ ಮಗಳು ಪೊಲೀಸರ ವಶದಲ್ಲಿದ್ದಾಳೆ, ಹಣ ಕಳಿಸಿ" ಎಂದು ಕರೆ ಬಂದರೆ ಆ ಮಾತು ಹೇಳಿಸಿ ಅನ್ನಿ. ಹೇಳದಿದ್ದರೆ ಫೋನ್ ಇಡಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ದೂರು ಕೊಡಿ.

ಈ ವಿವರಗಳನ್ನು ಕಾಗದದಲ್ಲಿ ಬರೆದು ಒಂದು ಪ್ರತಿ ಮನೆಯಲ್ಲಿ, ಒಂದು ಹೋಗುವವರ ಬಳಿ ಇರಲಿ. ಫೋನಿನಲ್ಲಿ ಮಾತ್ರ ಇದ್ದರೆ ಫೋನ್ ಹೋದ ದಿನ ಎಲ್ಲವೂ ಹೋಯಿತು.

• ಪಾಸ್‌ಪೋರ್ಟ್ ಮತ್ತು ವೀಸಾ ನಂಬರ್, ಮಾಲೀಕರ ಹೆಸರು, ವಿಳಾಸ, ಫೋನ್, ಏಜೆಂಟರ ವಿವರ.
• ಅಲ್ಲಿಯ ಭಾರತೀಯ ರಾಯಭಾರ ಕಚೇರಿಯ ನಂಬರ್.
• ತುರ್ತು ಕರೆ: ಕುವೈತ್ 112, ಯುಎಇ, ಕತಾರ್, ಬಹರೈನ್ 999, ಒಮಾನ್ 9999.
• ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ: ಭಾರತದಿಂದ ಉಚಿತ ಕರೆ 1800 11 3090, ಯುಎಇಯಲ್ಲಿ 800 46342.

ಗೊತ್ತುಮಾಡಿದ ದಿನ ಕರೆ ಬರದಿದ್ದರೆ ಗಾಬರಿ ಬೇಡ, ರೀಚಾರ್ಜ್ ಮುಗಿದಿರಬಹುದು. ಎರಡು ಮೂರು ದಿನವಾದರೂ ಸುದ್ದಿಯಿಲ್ಲವಾದರೆ ಸುಮ್ಮನೆ ಕೂರಬೇಡಿ. ವಿದೇಶಾಂಗ ಸಚಿವಾಲಯ 2015ರಲ್ಲಿ ಆರಂಭಿಸಿದ "ಮದದ್" ವ್ಯವಸ್ಥೆಯಲ್ಲಿ ಮನೆಯವರೇ ಇಲ್ಲಿಂದ ದೂರು ದಾಖಲಿಸಬಹುದು. ಕಂಪ್ಯೂಟರ್ ಬಾರದವರಿಗೆ ಸಂಘದ ಕಾರ್ಯಕರ್ತೆ ಸಹಾಯ ಮಾಡಲಿ. ಕುವೈತ್ ನಗರದ ಹೋಲಿ ಫ್ಯಾಮಿಲಿ ಕೆಥೆಡ್ರಲ್, ದುಬೈಯ ಸೇಂಟ್ ಮೇರಿಸ್ ಚರ್ಚಿಗೆ ನಮ್ಮ ಊರಿನವರು ಬಹಳ ಮಂದಿ ಹೋಗುತ್ತಾರೆ. ಅಂಥವರ ಪರಿಚಯ ಮೊದಲೇ ಮಾಡಿಕೊಟ್ಟರೆ ಕಷ್ಟಕಾಲದಲ್ಲಿ ವಿಚಾರಿಸಲು ಒಂದು ಜನವಾಯಿತು. ಇದಕ್ಕೆ ಜಾತಿ ಧರ್ಮದ ಭೇದ ಬೇಡ.

ಸಂಘದ ಸಭೆಯಲ್ಲಿ ಚರ್ಚಿಸಿ:

1. ನಮ್ಮ ಸಂಘದ ಎಷ್ಟು ಮನೆಗಳಿಂದ ಹೊರದೇಶಕ್ಕೆ ಹೋಗಿದ್ದಾರೆ? ಅವರ ಪೂರ್ಣ ವಿಳಾಸ ಮನೆಯಲ್ಲಿ ಇದೆಯೇ?
2. ಅವರ ಊರಿನ ನಂಬರ್ ಈಗ ಚಾಲ್ತಿಯಲ್ಲಿದೆಯೇ? ರೀಚಾರ್ಜ್ ಯಾರು ಮಾಡುತ್ತಿದ್ದಾರೆ?
3. ಯಾವ ಮನೆಗಾದರೂ ಬಹಳ ದಿನದಿಂದ ಕರೆ ಬಂದಿಲ್ಲವೇ? ಅವರಿಗಾಗಿ ಈ ವಾರ ಸಂಘ ಏನು ಮಾಡಬಹುದು?