ಯೂರೋಪಿನ ಪುರಾತನ ಕತ್ತಿವರಸೆಯೂ ನಮ್ಮ ಬಾಲಿಕೆಯರೂ

ಬಾಲಿಕಾ ಪಾಠಶಾಲೆಯ ಸಂಚಿಕೆಯಲ್ಲಿ ಕತ್ತಿಯ ಮಾತೇಕೆಂದು ಕೆಲವರು ಆಶ್ಚರ್ಯಪಡಬಹುದು. ಭಾರತೀನಗರ, ಮದ್ದೂರು, ಮಳವಳ್ಳಿಗಳ ಸೀಮೆಯವರಿಗೆ ಗರಡಿಯ ಮನೆಯೂ, ಅಲ್ಲಿಯ ಕೆಮ್ಮಣ್ಣೂ, ದೊಣ್ಣೆವರಸೆ ಕತ್ತಿವರಸೆಗಳೂ ಹೊಸವಲ್ಲ. ಆದರೆ ಗರಡಿಯ ಬಾಗಿಲು ಬಹುಕಾಲ ಗಂಡುಮಕ್ಕಳಿಗೇ ತೆರೆದಿದ್ದಿತು. ಹೆಣ್ಣುಮಕ್ಕಳು ಈ ವಿದ್ಯೆಯನ್ನು ಕಲಿಯಬಹುದೇ, ಕಲಿತರೆ ಒರಟರಾಗರೇ ಎಂದು ಪೋಷಕರು ನಮ್ಮನ್ನು ಕೇಳುವುದುಂಟು. ಆದುದರಿಂದ ಯೂರೋಪಿನಲ್ಲಿ ಪೂರ್ವಕಾಲದಲ್ಲಿದ್ದ ಕತ್ತಿವರಸೆಯನ್ನು ಕಲಿಯುವ ಕ್ರಮವನ್ನು ಇಲ್ಲಿ ವಿವರಿಸುತ್ತೇವೆ. ಉತ್ತರವು ಅದರಲ್ಲಿಯೇ ದೊರೆಯುವುದು.

ಆ ಖಂಡದಲ್ಲಿ ಈ ವಿದ್ಯೆಯನ್ನು ಕುರಿತು ಉಳಿದುಬಂದಿರುವ ಗ್ರಂಥಗಳಲ್ಲಿ ಅತ್ಯಂತ ಹಳೆಯದೆನಿಸಿರುವುದು, ಸುಮಾರು 700 ವರ್ಷಗಳ ಹಿಂದೆ ಜರ್ಮನ್ ಸೀಮೆಯಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದ ಒಂದು ಚಿತ್ರಸಹಿತವಾದ ಕೈಬರಹದ ಪುಸ್ತಕವು. ಅದು ಈಗ ಇಂಗ್ಲೆಂಡಿನ ಲೀಡ್ಸ್ ನಗರದ ರಾಜಕೀಯ ಆಯುಧಾಗಾರದಲ್ಲಿದೆ. ಅದರಲ್ಲಿ ಗುರುವಾದವನು ಒಬ್ಬ ಪಾದ್ರಿ. ಅವನು ಕತ್ತಿಯನ್ನೂ ಚಿಕ್ಕ ಗುರಾಣಿಯನ್ನೂ ಹಿಡಿದು, ಮೊದಲು ಏಳು ನಿಲುವುಗಳನ್ನೂ, ಅನಂತರ ಒಂದೊಂದಕ್ಕೂ ತಕ್ಕ ಪ್ರತಿನಿಲುವನ್ನೂ ಶಿಷ್ಯನಿಗೆ ಕಲಿಸುತ್ತಾನೆ. ಕೊನೆಯ ಚಿತ್ರಗಳಲ್ಲಿ ಆ ಶಿಷ್ಯನ ಸ್ಥಾನದಲ್ಲಿ ವಾಲ್ಪುರ್ಗಿಸ್ ಎಂಬ ಹೆಂಗಸು ನಿಂತಿರುವಳು. ಸ್ತ್ರೀಯರಿಗೆ ಇದು ಸಲ್ಲದೆಂಬ ಮಾತಿಗೆ ಆ ಪುಸ್ತಕವೇ ಸಮಾಧಾನ ಹೇಳುತ್ತದೆ.

ಈ ವಿದ್ಯೆಯಲ್ಲಿ ಹೊಡೆತಕ್ಕಿಂತ ಮೊದಲು ಕಲಿಯತಕ್ಕುದು ನಿಲುವು, ಹೆಜ್ಜೆ ಮತ್ತು ಅಂತರ. ಎದುರಾಳಿಯ ಕತ್ತಿ ತನಗೆ ಎಟುಕದಷ್ಟು ದೂರವನ್ನು ಕಣ್ಣಿನಿಂದಲೇ ಅಳೆಯಬಲ್ಲವಳು ಅರ್ಧ ವಿದ್ಯೆಯನ್ನು ಕಲಿತಂತೆಯೇ ಸರಿ. ಎರಡನೆಯದು ಅಲಗಿನ ಜ್ಞಾನ. ಹಿಡಿಯ ಸಮೀಪದ ಭಾಗವು ಬಲವಾದುದು, ತುದಿಯ ಭಾಗವು ದುರ್ಬಲವಾದುದು. ಸನ್ನೆಗೋಲಿನ ನಿಯಮವನ್ನು ಓದಿದ ವಿದ್ಯಾರ್ಥಿನಿಗೆ ಇದರ ಕಾರಣವು ಸುಲಭವಾಗಿ ತಿಳಿಯುವುದು: ತನ್ನ ಅಲಗಿನ ಬುಡವನ್ನು ಎದುರಾಳಿಯ ಅಲಗಿನ ತುದಿಗೆ ಒಡ್ಡಿದರೆ, ತೋಳ್ಬಲ ಕಡಮೆಯಾದವಳೂ ಹೊಡೆತವನ್ನು ತಡೆಯಬಲ್ಲಳು. ಮೂರನೆಯದು ಸ್ಪರ್ಶ. ಲೀಚ್ಟೆನೌವರ್ ಎಂಬ ಜರ್ಮನ್ ಗುರುವಿನ ಪರಂಪರೆಯವರು, ಅಲಗುಗಳು ಕೂಡಿದಾಗ ಎದುರಾಳಿಯ ಒತ್ತಡವನ್ನು ಕೈಯಿಂದಲೇ ಅರಿಯಬೇಕೆಂದು ಬೋಧಿಸಿದರು. ಅವನು ಬಲವಾಗಿ ಒತ್ತಿದರೆ ಬಲಕ್ಕೆ ಬಲವನ್ನೊಡ್ಡದೆ ಬಳಸಿ ಹೋಗಬೇಕು. ಸಡಿಲಿದರೆ ನೇರವಾಗಿ ಮುನ್ನುಗ್ಗಬೇಕು.

ಇಟಲಿಯ ಫಿಯೋರೆ ಎಂಬ ಗುರುವು 15ನೆಯ ಶತಮಾನದ ಆರಂಭದಲ್ಲಿ ರಚಿಸಿದ ಗ್ರಂಥದ ಒಂದು ಚಿತ್ರದಲ್ಲಿ ಮನುಷ್ಯಾಕೃತಿಯ ಸುತ್ತಲೂ ನಾಲ್ಕು ಪ್ರಾಣಿಗಳಿವೆ. ಕಾಡುಬೆಕ್ಕಿನ ಜಾತಿಯ ಲಿಂಕ್ಸ್ ವಿವೇಕಕ್ಕೂ, ಹುಲಿಯು ವೇಗಕ್ಕೂ, ಸಿಂಹವು ಧೈರ್ಯಕ್ಕೂ, ಬೆನ್ನಿನ ಮೇಲೆ ಗೋಪುರವನ್ನು ಹೊತ್ತ ಆನೆಯು ಸ್ಥೈರ್ಯಕ್ಕೂ ಗುರುತು. ವಿವೇಕವು ತಲೆಯ ಮೇಲಿರುವುದನ್ನೂ, ಆನೆಯು ಪಾದದ ಬಳಿ ಇರುವುದನ್ನೂ ಗಮನಿಸಬೇಕು.

ನಮ್ಮ ಗರಡಿಯ ವಿದ್ಯೆಯು ಗುರುವಿನಿಂದ ಶಿಷ್ಯನಿಗೆ ಕೈಯಿಂದ ಕೈಗೆ ಬಂದುದು. ಯೂರೋಪಿನ ಈ ಹಳೆಯ ವಿದ್ಯೆಯಾದರೋ ನಡುವೆ ಕಡಿದುಹೋದುದರಿಂದ, ಈಗಿನವರು ಗ್ರಂಥವನ್ನೋದಿ, ಜೊತೆಗಾರರೊಡನೆ ಮೊದಲು ನಿಧಾನವಾಗಿಯೂ ಬಳಿಕ ವೇಗವಾಗಿಯೂ ಪ್ರಯೋಗಿಸಿ, ತಪ್ಪಿದ ಕಡೆ ಮತ್ತೆ ಗ್ರಂಥವನ್ನೇ ನೋಡುತ್ತಾರೆ. ಮುಖಕ್ಕೆ ಜಾಲರಿಯ ಕವಚ, ಕೈಗೆ ದಪ್ಪ ಚೀಲ, ಮೊಂಡಾದ ಅಲಗು ಇವಿಲ್ಲದೆ ಯಾರೂ ಅಭ್ಯಾಸಕ್ಕಿಳಿಯಬಾರದು. ಜೊತೆಗಾತಿಯ ದೇಹವು ನಮ್ಮ ಕೈಯ ಹಿಡಿತಕ್ಕೆ ಒಪ್ಪಿಸಿದ ಒತ್ತೆಯಂತಿರುವುದು. ಅದನ್ನು ನೋಯಿಸದೆ ಕಾಯುವ ಅಭ್ಯಾಸವು ಒರಟುತನವನ್ನು ಬೆಳೆಸುವುದೆಂತು?

ಈ ವಿದ್ಯೆಯ ಸಂತತಿಯಾದ ಫೆನ್ಸಿಂಗ್ ಕ್ರೀಡೆಯಲ್ಲಿ ಚೆನ್ನೈ ನಗರದ ಭವಾನಿ ದೇವಿಯವರು, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ ಪ್ರಥಮ ಭಾರತೀಯರೆನಿಸಿದರು. ಮೊದಲ ಪಂದ್ಯವನ್ನು 15–3ರಿಂದ ಗೆದ್ದು, ಎರಡನೆಯದರಲ್ಲಿ ಸೋತರು. ಅವರು ಶಾಲೆಯ ದಿನಗಳಲ್ಲಿ ಬಿದಿರಿನ ಕೋಲುಗಳಿಂದ ಅಭ್ಯಾಸಮಾಡಿದವರು. ಬಿದಿರಿಗೆ ನಮ್ಮ ಸೀಮೆಯಲ್ಲಿ ಕೊರತೆಯಿಲ್ಲ. ಮಗಳು ಕೋಲನ್ನು ಹಿಡಿದು ಅಂಗಳಕ್ಕಿಳಿದರೆ ತಾಯಿತಂದೆಗಳು ಗದರಿಸದೆ, ಆಕೆಯ ಹೆಜ್ಜೆ ಸರಿಯಾಗಿದೆಯೇ ಎಂದು ನೋಡಬೇಕೆಂಬುದೇ ನಮ್ಮ ವಿನಂತಿ.